ಮಾರ್ಟ್‌ಗೇಜ್ ಜೊತೆ ಕಟ್ಟಿದ ಪಿಪಿಐ ಹಣ ಈಗಲೂ ವಾಪಸ್ ಬರುತ್ತದೆಯೇ?

ಬ್ರಿಟನ್ನಿನಲ್ಲಿ ಪಿಪಿಐ (ಪೇಮೆಂಟ್ ಪ್ರೊಟೆಕ್ಷನ್ ಇನ್ಶೂರೆನ್ಸ್) ಎಂಬ ವಿಮೆಯನ್ನು ತಪ್ಪಾಗಿ ಮಾರಿದರೆಂದು ಬ್ಯಾಂಕಿಗೆ ದೂರು ಕೊಡಲು ಇದ್ದ ಕೊನೆಯ ದಿನ 2019ರ ಆಗಸ್ಟ್ 29. ಆ ದಿನ ಕಳೆದು ವರ್ಷಗಳೇ ಆಗಿದ್ದರೂ "ನಿಮ್ಮ ಮಾರ್ಟ್‌ಗೇಜ್ ವಿಮೆಯ ಹಣ ಬ್ಯಾಂಕಿನಲ್ಲಿ ಬಾಕಿ ಇದೆ, ನಾವು ಕೊಡಿಸುತ್ತೇವೆ" ಎನ್ನುವ ಕರೆಗಳೂ ಜಾಹೀರಾತುಗಳೂ ನಿಂತಿಲ್ಲ. ಅಲ್ಲಿ ಮನೆ ಕೊಂಡು ನೆಲೆಸಿದ ಕನ್ನಡಿಗರೂ, ಕೆಲವು ವರ್ಷ ದುಡಿದು ಮನೆ ಮಾರಿ ಊರಿಗೆ ಮರಳಿದವರೂ ಹಳೆಯ ಕಡತ ತೆಗೆದು ನೋಡುವ ಮೊದಲು ಎರಡು ವಿಷಯ ತಿಳಿದಿರಬೇಕು. ಹೆಚ್ಚಿನವರಿಗೆ ಈ ಬಾಗಿಲು ಮುಚ್ಚಿದೆ. ಆದರೆ ಎಲ್ಲರಿಗೂ ಮುಚ್ಚಿಲ್ಲ. ಯಾರಿಗೆ ತೆರೆದಿದೆ ಎಂಬುದು ನಿಮ್ಮ ಬಳಿ ಇದ್ದ ಪಾಲಿಸಿ ಯಾವುದು, ಅದನ್ನು ಯಾವಾಗ ಮಾರಿದರು, ಯಾರು ಮಾರಿದರು ಎಂಬುದರ ಮೇಲೆ ನಿಂತಿದೆ.

ಪಿಪಿಐ ಎಂದರೆ ಸಾಲದ ಕಂತು ಕಟ್ಟಲಾಗದಂತಹ ಸ್ಥಿತಿ ಬಂದಾಗ ವಿಮಾ ಕಂಪನಿ ಆ ಕಂತು ಕೊಡುವ ವ್ಯವಸ್ಥೆ. ಗೃಹಸಾಲಕ್ಕೆ ಮಾರಿದ್ದನ್ನು ಎಂಪಿಪಿಐ ಎನ್ನುತ್ತಾರೆ. ಅಪಘಾತ, ಕಾಯಿಲೆ, ಕೆಲಸ ಹೋಗುವುದು ಈ ಮೂರಕ್ಕೆ ಮಾತ್ರ ಅದು ಅನ್ವಯ. ಸಾಮಾನ್ಯವಾಗಿ ಮೊದಲ 30 ಅಥವಾ 60 ದಿನ ಏನೂ ಸಿಗುವುದಿಲ್ಲ. ಆ ಬಳಿಕ ತಿಂಗಳ ಕಂತಿನಷ್ಟು, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಹೆಚ್ಚು ಹಣ, ಹೆಚ್ಚಿನ ಪಾಲಿಸಿಗಳಲ್ಲಿ 12 ತಿಂಗಳವರೆಗೆ ಬರುತ್ತದೆ. ಸಾಲಗಾರ ತೀರಿಕೊಂಡರೆ ಸಾಲ ತೀರಿಸುವುದು ಬೇರೆಯೇ ಜೀವವಿಮೆ.

ಇದು ಮನೆಮನೆಗೆ ಬಂದದ್ದಕ್ಕೆ ಸರ್ಕಾರದ ಒಂದು ನಿರ್ಧಾರವೂ ಕಾರಣ. ಅಲ್ಲಿಯವರೆಗೆ ಕೆಲಸ ಕಳೆದುಕೊಂಡವರ ಗೃಹಸಾಲದ ಬಡ್ಡಿಗೆ ಸರ್ಕಾರದ ನೆರವು ಬೇಗ ಸಿಗುತ್ತಿತ್ತು. 1995ರ ಅಕ್ಟೋಬರ್‌ನಿಂದ ಹೊಸದಾಗಿ ಸಾಲ ಮಾಡಿದವರು ಆ ನೆರವಿಗೆ 39 ವಾರ ಕಾಯಬೇಕಾಯಿತು. ಆ ಒಂಬತ್ತು ತಿಂಗಳ ಅಂತರ ತುಂಬಲು ಖಾಸಗಿ ವಿಮೆ ಮಾಡಿಸಿ ಎಂದು ಬ್ಯಾಂಕುಗಳೂ ಬ್ರೋಕರುಗಳೂ ಹೇಳತೊಡಗಿದರು. ಅಂದರೆ ಎಂಪಿಪಿಐಗೆ ನಿಜವಾದ ಉಪಯೋಗವೊಂದಿತ್ತು. ಇದನ್ನು ಮರೆತು "ಪಿಪಿಐ ಎಂದರೆ ಮೋಸ" ಎಂದು ಹೊರಟವರ ದೂರುಗಳು ಹೆಚ್ಚಾಗಿ ಬಿದ್ದುಹೋದದ್ದು ಇಲ್ಲೇ.

ಸುದ್ದಿಯಾದ ಪಿಪಿಐ ಹಗರಣದ ತಿರುಳು ಬೇರೆ ಸಾಲಗಳಲ್ಲಿತ್ತು. ವೈಯಕ್ತಿಕ ಸಾಲ, ಕ್ರೆಡಿಟ್ ಕಾರ್ಡ್, ಕಾರು ಸಾಲಗಳ ಜೊತೆ ಈ ವಿಮೆಯನ್ನು ಕೇಳದೆಯೇ ಸೇರಿಸುತ್ತಿದ್ದರು. ಐದು ವರ್ಷದ ಪ್ರೀಮಿಯಂ ಮೊತ್ತವನ್ನು ಒಂದೇ ಗಂಟಾಗಿ ಸಾಲಕ್ಕೆ ಕೂಡಿಸಿ ಅದಕ್ಕೂ ಬಡ್ಡಿ ಹಾಕುತ್ತಿದ್ದರು. 2005ರ ಸೆಪ್ಟೆಂಬರ್‌ನಲ್ಲಿ ಜನರಿಗೆ ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ ಇದರ ಬಗ್ಗೆ ಅಧಿಕೃತವಾಗಿ ದೂರಿತು. 2010ರ ಆಗಸ್ಟ್‌ನಲ್ಲಿ ಆಗಿನ ಹಣಕಾಸು ನಿಯಂತ್ರಕ ಎಫ್‌ಎಸ್‌ಎ, ಹಳೆಯ ಮಾರಾಟಗಳ ದೂರುಗಳನ್ನು ಹೇಗೆ ಪರಿಶೀಲಿಸಬೇಕು ಎಂಬ ನಿಯಮ ತಂದಿತು. ಬ್ಯಾಂಕುಗಳ ಒಕ್ಕೂಟ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿ 2011ರ ಏಪ್ರಿಲ್‌ನಲ್ಲಿ ಸೋತಿತು. ಅಲ್ಲಿಂದ ಮುಂದೆ ಬ್ಯಾಂಕುಗಳು ಗ್ರಾಹಕರಿಗೆ ಮರಳಿಸಿದ ಹಣ 3,800 ಕೋಟಿ ಪೌಂಡ್ ದಾಟಿತು.

ಎಂಪಿಪಿಐ ಪ್ರೀಮಿಯಂ ಮಾತ್ರ ಬಹುತೇಕ ತಿಂಗಳು ತಿಂಗಳು ಕಟ್ಟುವಂಥದ್ದು. ಬೇಡವೆಂದಾಗ ನಿಲ್ಲಿಸಬಹುದಿತ್ತು, ಬಡ್ಡಿಯ ಮೇಲೆ ಬಡ್ಡಿ ಬೆಳೆಯುತ್ತಿರಲಿಲ್ಲ. ಕಂತು ತಪ್ಪಿದರೆ ಹೋಗುವುದು ಮನೆಯೇ ಆದ್ದರಿಂದ ವಿಮೆಯ ಅಗತ್ಯವೂ ಹೆಚ್ಚು ಎಂದು, ಬ್ಯಾಂಕುಗಳ ಮೇಲಿನ ದೂರುಗಳನ್ನು ತೀರ್ಮಾನಿಸುವ ಸ್ವತಂತ್ರ ಸಂಸ್ಥೆ ಫೈನಾನ್ಷಿಯಲ್ ಓಂಬಡ್ಸ್‌ಮನ್ ತೂಗಿ ನೋಡುತ್ತಿತ್ತು. ಆದ್ದರಿಂದ ಪರಿಚಯದವರಿಗೆ ಕ್ರೆಡಿಟ್ ಕಾರ್ಡಿನ ಪಿಪಿಐ ವಾಪಸ್ ಬಂತೆಂದು ನಿಮ್ಮ ಮಾರ್ಟ್‌ಗೇಜಿನದೂ ಬರಬೇಕು ಎಂದೇನಿಲ್ಲ.

ತಪ್ಪು ಮಾರಾಟ ಎನ್ನುವುದು ಯಾವಾಗ?

ವಿಮೆಯಿಂದ ಕೊನೆಗೆ ಪ್ರಯೋಜನವಾಯಿತೋ ಇಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಮಾರಿದ ದಿನ ನಿಮಗೆ ಏನು ಹೇಳಿದರು, ಏನು ಮುಚ್ಚಿಟ್ಟರು, ಆ ದಿನ ನಿಮ್ಮ ಸ್ಥಿತಿ ಏನಿತ್ತು, ಇಷ್ಟೇ. ಹತ್ತು ವರ್ಷ ಕಟ್ಟಿ ಒಂದು ಕ್ಲೇಮೂ ಮಾಡದಿದ್ದರೆ ಅದು ತಪ್ಪು ಮಾರಾಟವಲ್ಲ.

ಅತ್ಯಂತ ಗಟ್ಟಿಯಾದ ಕಾರಣ, ಪಾಲಿಸಿಯಲ್ಲಿ ನೀವು ಕ್ಲೇಮು ಮಾಡಲು ಅರ್ಹರೇ ಅಲ್ಲದಿರುವುದು. ಸ್ವಂತ ಉದ್ಯೋಗದಲ್ಲಿದ್ದವರನ್ನು ನೋಡಿ. ಕೆಲಸ ಹೋದದ್ದಕ್ಕೆ ಹಣ ಬರಬೇಕಾದರೆ ವ್ಯವಹಾರವನ್ನು ಪೂರ್ತಿ ಮುಚ್ಚಿ, ತೆರಿಗೆ ಇಲಾಖೆಗೆ ಹಾಗೆಂದು ತಿಳಿಸಿರಬೇಕು ಎಂಬ ಷರತ್ತು ಹಲವು ಪಾಲಿಸಿಗಳಲ್ಲಿತ್ತು. ಸ್ವಂತ ಲಿಮಿಟೆಡ್ ಕಂಪನಿ ಮಾಡಿಕೊಂಡು ಗುತ್ತಿಗೆಯ ಮೇಲೆ ಐಟಿ ಕೆಲಸ ಮಾಡುತ್ತಿದ್ದವರ ಪಾಡೂ ಇದೇ. ಒಂದು ಗುತ್ತಿಗೆ ಮುಗಿದು ಇನ್ನೊಂದು ಸಿಗುವವರೆಗಿನ ಖಾಲಿ ತಿಂಗಳುಗಳಿಗೆ ಅದು ನಯಾಪೈಸೆ ಕೊಡುತ್ತಿರಲಿಲ್ಲ. ಆಸ್ಪತ್ರೆಗಳಲ್ಲಿ ಆರು ತಿಂಗಳು, ವರ್ಷದ ನಿಗದಿತ ಅವಧಿಗೆ ನೇಮಕವಾಗುತ್ತಿದ್ದ ಕಿರಿಯ ವೈದ್ಯರಿಗೂ ಅವಧಿ ಮುಗಿದದ್ದು "ಕೆಲಸ ಹೋದದ್ದು" ಎಂದು ಎಣಿಕೆಯಾಗುವುದು ಅಪರೂಪವಾಗಿತ್ತು. ವೀಸಾ ಮೇಲಿದ್ದವರಿಗೆ ಇನ್ನೊಂದು ತೊಡಕು: ಹಣ ಬರುವಷ್ಟು ಕಾಲ ಬ್ರಿಟನ್ನಿನಲ್ಲೇ ಇದ್ದು ಕೆಲಸ ಹುಡುಕುತ್ತಿರಬೇಕು ಎಂದು ಪಾಲಿಸಿ ಕೇಳುತ್ತಿತ್ತು, ಕೆಲಸ ಹೋದರೆ ಅಲ್ಲಿ ಉಳಿಯುವ ಹಕ್ಕೇ ಅಲುಗಾಡುತ್ತಿತ್ತು. ಇವರಲ್ಲಿ ಯಾರಿಗಾದರೂ ಈ ಷರತ್ತುಗಳನ್ನು ಬಾಯಿಬಿಟ್ಟು ಹೇಳದೆ ಮಾರಿದ್ದರೆ ದೂರಿಗೆ ಆಧಾರವಿತ್ತು.

ಎರಡನೆಯದು, ಮೊದಲೇ ಇದ್ದ ಕಾಯಿಲೆ. ಪಾಲಿಸಿ ಶುರುವಾಗುವ ಮುಂಚಿನ ವರ್ಷದಲ್ಲಿ ಚಿಕಿತ್ಸೆ ಪಡೆದ ತೊಂದರೆಗೆ ಸಾಮಾನ್ಯವಾಗಿ ಹಣ ಇರಲಿಲ್ಲ. ಬೆನ್ನುನೋವಿಗೂ ಮಾನಸಿಕ ಒತ್ತಡಕ್ಕೂ ತಜ್ಞರ ದಾಖಲೆ ಕೇಳುವ, ಅಥವಾ ಪೂರ್ತಿ ಹೊರಗಿಡುವ ಪಾಲಿಸಿಗಳಿದ್ದವು. ಕೆಲಸದಿಂದ ಜನ ದೀರ್ಘಕಾಲ ದೂರ ಉಳಿಯುವುದು ಹೆಚ್ಚಾಗಿ ಇವೆರಡರಿಂದಲೇ, ಹಾಗಾಗಿ ಇದು ಸಣ್ಣ ಷರತ್ತಲ್ಲ. ಮಾರುವವರು ನಿಮ್ಮ ಆರೋಗ್ಯದ ಬಗ್ಗೆ ಒಂದು ಮಾತೂ ಕೇಳದೆ, ಈ ಷರತ್ತನ್ನು ಎತ್ತಿ ತೋರಿಸದೆ ಸಹಿ ಹಾಕಿಸಿಕೊಂಡಿದ್ದರೆ, ಮತ್ತು ಆಗ ನಿಮಗೆ ನಿಜವಾಗಿ ಅಂಥ ಕಾಯಿಲೆ ಇದ್ದರೆ, ಅದು ಲೋಪ. ಕಾಯಿಲೆಯೇ ಇಲ್ಲದವರಿಗೆ ಈ ವಾದ ಕೆಲಸಕ್ಕೆ ಬರುವುದಿಲ್ಲ.

"ವಿಮೆ ತೆಗೆದುಕೊಳ್ಳದಿದ್ದರೆ ಸಾಲ ಸಿಗುವುದಿಲ್ಲ" ಎಂದು ಹೇಳಿದ್ದರೆ ಅದು ನೇರ ತಪ್ಪು. ಆದರೆ ಇದನ್ನು ಸಾಬೀತು ಮಾಡುವುದು ಕಷ್ಟ. ಅರ್ಜಿಯ ಆ ಪುಟದಲ್ಲಿ "ವಿಮೆ ಬೇಕು", "ಬೇಡ" ಎಂದು ಎರಡು ಚೌಕಗಳಿದ್ದು, "ಬೇಕು" ಎಂಬಲ್ಲಿ ನಿಮ್ಮದೇ ಗುರುತು, ಪಕ್ಕದಲ್ಲಿ ಸಹಿ ಇದ್ದರೆ ಓಂಬಡ್ಸ್‌ಮನ್ ಅದನ್ನೇ ನಂಬುತ್ತದೆ. ಗುರುತು ಮೊದಲೇ ಅಚ್ಚಾಗಿ ಬಂದಿದ್ದರೆ, ಅಥವಾ ವಿಮೆಗೆ ಪ್ರತ್ಯೇಕ ಸಹಿಯೇ ಇಲ್ಲದಿದ್ದರೆ ಮಾತು ನಿಮ್ಮ ಕಡೆ ವಾಲುತ್ತದೆ.

ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ವೈದ್ಯರು, ದಾದಿಯರು ಮುಂದಿಡುವ ಒಂದು ವಾದವನ್ನು ಇಲ್ಲಿ ಬಿಡಿಸಿ ಹೇಳಬೇಕು. ಐದು ವರ್ಷಕ್ಕಿಂತ ಹೆಚ್ಚು ಸೇವೆಯಾದವರಿಗೆ ಕಾಯಿಲೆ ಬಿದ್ದರೆ ಆರು ತಿಂಗಳು ಪೂರ್ತಿ ಸಂಬಳ, ಆಮೇಲೆ ಆರು ತಿಂಗಳು ಅರ್ಧ ಸಂಬಳ ಸಿಗುತ್ತದೆ. "ಹೀಗಿರುವಾಗ ನನಗೆ ವಿಮೆ ಏಕೆ ಮಾರಿದರು?" ಎಂಬ ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಎಂಪಿಪಿಐ ಹಣ ಸಂಬಳದ ಜೊತೆಗೆ ಹೆಚ್ಚುವರಿಯಾಗಿ ಬರುವಂಥದ್ದು. ಕಾಯಿಲೆಯ ಕಾಲದಲ್ಲಿ ಬೇರೆ ಖರ್ಚುಗಳೂ ಏರುತ್ತವೆ, ಆದ್ದರಿಂದ ಉಪಯೋಗವಿತ್ತು ಎಂದು ಓಂಬಡ್ಸ್‌ಮನ್ ಹಲವು ಬಾರಿ ಇಂಥ ದೂರುಗಳನ್ನು ತಳ್ಳಿಹಾಕಿದೆ. ಒಳ್ಳೆಯ ಸಂಬಳದ ರಜೆ ಇದ್ದುದು ಇನ್ನೊಂದು ಲೋಪದ ಜೊತೆ ಸೇರಿದರೆ ಬಲ ಕೊಡುತ್ತದೆ, ಒಂಟಿಯಾಗಿ ನಿಲ್ಲುವುದು ಕಷ್ಟ.

ಬ್ಯಾಂಕಿನವರು "ನಿಮಗೆ ಇದು ಸೂಕ್ತ" ಎಂದು ಸಲಹೆ ಕೊಟ್ಟು ಮಾರಿದರೋ, ಬರೀ ಮಾಹಿತಿ ಕೊಟ್ಟು ನಿಮಗೇ ಬಿಟ್ಟರೋ ಎಂಬುದೂ ಮುಖ್ಯ. ಸಲಹೆ ಕೊಟ್ಟಿದ್ದರೆ ನಿಮಗೆ ಹೊಂದುತ್ತದೆಯೇ ಎಂದು ನೋಡುವ ಹೊಣೆ ಅವರದು. ಬರೀ ಮಾಹಿತಿಯಾದರೆ ಷರತ್ತುಗಳನ್ನು ಸ್ಪಷ್ಟವಾಗಿ, ದಾರಿ ತಪ್ಪಿಸದೆ ಹೇಳಿದ್ದರೆ ಸಾಕು.

ಕಮಿಷನ್ ವಾದ, ಅದರ ಮಿತಿ

ಈಗ ಬರುವ ಜಾಹೀರಾತುಗಳು ಹೆಚ್ಚಾಗಿ ಹಿಡಿಯುವುದು ಪ್ಲೆವಿನ್ ಪ್ರಕರಣವನ್ನು. 2006ರಲ್ಲಿ ಮನೆಯ ಆಧಾರದ ಮೇಲೆ ಕೊಟ್ಟ 34,000 ಪೌಂಡ್ ಸಾಲಕ್ಕೆ 5,780 ಪೌಂಡ್ ಪ್ರೀಮಿಯಂ ಸೇರಿಸಿದ್ದರು. ಸಾಲ ಹತ್ತು ವರ್ಷದ್ದು, ವಿಮೆ ಐದೇ ವರ್ಷಕ್ಕೆ. ಆ ಪ್ರೀಮಿಯಂನಲ್ಲಿ ಶೇ 71.8 ಭಾಗ ಕಮಿಷನ್ ಆಗಿತ್ತು, ಸಾಲಗಾರರಿಗೆ ಅದರ ಸುಳಿವೇ ಇರಲಿಲ್ಲ. ಇದನ್ನು ಹೇಳದೆ ಉಳಿದದ್ದರಿಂದ ಸಾಲದ ಸಂಬಂಧವೇ ಅನ್ಯಾಯದ್ದಾಯಿತು ಎಂದು 2014ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಳಿಕ, ಎಫ್‌ಎಸ್‌ಎ ಜಾಗಕ್ಕೆ ಬಂದ ನಿಯಂತ್ರಕ ಎಫ್‌ಸಿಎ, ಕಮಿಷನ್ ಶೇ 50 ದಾಟಿದ್ದರೆ ಆ ಹೆಚ್ಚುವರಿ ಭಾಗವನ್ನು ಮರಳಿಸಿ ಎಂಬ ಅಳತೆ ತಂದಿತು.

ಈ ತೀರ್ಪು ನಿಂತಿರುವುದು ಕನ್ಸ್ಯೂಮರ್ ಕ್ರೆಡಿಟ್ ಕಾಯಿದೆಯ 140ಎ ಕಲಮಿನ ಮೇಲೆ. ನಿಯಂತ್ರಿತ ಮಾರ್ಟ್‌ಗೇಜ್ ಒಪ್ಪಂದಗಳು ಆ ಕಲಮಿನ ಹೊರಗೆ. 2004ರ ಅಕ್ಟೋಬರ್ 31ರ ನಂತರ, ತಾವೇ ವಾಸಿಸುವ ಮನೆಗೆ ಬ್ಯಾಂಕಿನಿಂದ ಪಡೆದ ಮಾಮೂಲಿ ಮೊದಲ ಅಡಮಾನದ ಸಾಲ ಬಹುತೇಕ ಈ ಗುಂಪಿಗೇ ಸೇರುತ್ತದೆ. ಅಂದರೆ ಅತಿ ಹೆಚ್ಚು ಜನರ ಬಳಿ ಇದ್ದ ಸಾಲಕ್ಕೆ ಕಮಿಷನ್ ವಾದ ಅನ್ವಯಿಸುವುದೇ ಇಲ್ಲ. ಕರೆ ಮಾಡುವವರು ಇದೊಂದು ಮಾತನ್ನು ನುಂಗಿಕೊಳ್ಳುತ್ತಾರೆ. ಅದಕ್ಕೂ ಹಳೆಯ ಸಾಲ, ಎರಡನೇ ಅಡಮಾನದ ಸಾಲ, ಬಾಡಿಗೆಗೆ ಕೊಡಲೆಂದು ಕೊಂಡ ಮನೆಯ ಸಾಲ ಇವುಗಳ ಲೆಕ್ಕ ಬೇರೆ ಇರಬಹುದು. ಅಂಥವರು ಒಪ್ಪಂದದ ಪ್ರತಿಯನ್ನು ವಕೀಲರಿಗೆ ತೋರಿಸುವುದು ಒಳ್ಳೆಯದು. ವಿಮೆಯನ್ನು ಸಾಲ ಕೊಟ್ಟ ಬ್ಯಾಂಕಿಗೆ ಸಂಬಂಧವೇ ಇಲ್ಲದ ಬೇರೆ ಕಂಪನಿಯಿಂದ ನೀವೇ ಕೊಂಡಿದ್ದರೆ ಬ್ಯಾಂಕಿನ ವಿರುದ್ಧ ಈ ವಾದಕ್ಕೆ ನೆಲೆಯಿಲ್ಲ.

ಇಂದು ತೆರೆದಿರುವ ದಾರಿಗಳು

ಪಾಲಿಸಿಯನ್ನು 2017ರ ಆಗಸ್ಟ್ 29ರಂದು ಅಥವಾ ಆಮೇಲೆ ಮಾರಿದ್ದರೆ 2019ರ ಗಡುವು ಅದಕ್ಕೆ ತಟ್ಟುವುದಿಲ್ಲ. ಅದಕ್ಕೆ ಮಾಮೂಲಿ ನಿಯಮ: ಮಾರಿದ ದಿನದಿಂದ ಆರು ವರ್ಷ, ಅಥವಾ ತೊಂದರೆ ಇದೆಯೆಂದು ತಿಳಿದ (ತಿಳಿಯಬಹುದಾಗಿದ್ದ) ದಿನದಿಂದ ಮೂರು ವರ್ಷ, ಇವೆರಡರಲ್ಲಿ ಯಾವುದು ನಂತರದ್ದೋ ಅದು.

ಹಳೆಯ ಪಾಲಿಸಿ ಇನ್ನೂ ಚಾಲ್ತಿಯಲ್ಲಿದ್ದು, ಗಡುವಿನ ನಂತರ ನೀವು ಕ್ಲೇಮು ಮಾಡಿದಾಗ "ನೀವು ಅರ್ಹರಲ್ಲ" ಎಂದೋ, "ಈ ಕಾಯಿಲೆ ಸೇರಿಲ್ಲ" ಎಂದೋ ತಿರಸ್ಕರಿಸಿದರೆ, ಆ ಕಾರಣಕ್ಕೆ ನಂಟಿರುವ ಮಾರಾಟದ ಲೋಪದ ಬಗ್ಗೆ ಈಗಲೂ ದೂರು ಕೊಡಬಹುದು. ಇದು ಹೆಚ್ಚು ಜನರಿಗೆ ಗೊತ್ತಿಲ್ಲದ ದಾರಿ. ತಿರಸ್ಕಾರದ ಪತ್ರವನ್ನು ಕಸದ ಬುಟ್ಟಿಗೆ ಹಾಕಬೇಡಿ, ಅದರಲ್ಲಿ ಬರೆದ ಕಾರಣವೇ ನಿಮ್ಮ ದೂರಿನ ತಳಹದಿ. ಗಡುವಿಗೆ ಮುನ್ನ ದೂರು ಕೊಡಲಾಗದಂತೆ ಗಂಭೀರ ಕಾಯಿಲೆಯಂತಹ ಅಸಾಧಾರಣ ಕಾರಣವಿದ್ದರೆ ಓಂಬಡ್ಸ್‌ಮನ್ ಪರಿಗಣಿಸುತ್ತದೆ. ಗಡುವು ಗೊತ್ತಿರಲಿಲ್ಲ ಎಂಬುದು ಅಂಥ ಕಾರಣವಲ್ಲ.

ಮೂರನೆಯದು ಕೋರ್ಟು. ಎಫ್‌ಸಿಎ ಗಡುವು ಕೋರ್ಟಿಗೆ ಕಟ್ಟುಪಾಡಲ್ಲ, ಆದರೆ ಅಲ್ಲಿ ಕಾಲಮಿತಿ ಕಾಯಿದೆ ಕಾದಿರುತ್ತದೆ. 140ಎ ಅಡಿಯಲ್ಲಿ, ಸಾಲದ ಸಂಬಂಧ ಮುಗಿದ ದಿನದಿಂದ ಆರು ವರ್ಷದೊಳಗೆ ದಾವೆ ಹಾಕಬಹುದು ಎಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಬಂದ ಇನ್ನೊಂದು ತೀರ್ಪು, ಸಾಲ ಕೊಟ್ಟವರು ಕಮಿಷನ್ನನ್ನು ಬೇಕೆಂದೇ ಮುಚ್ಚಿಟ್ಟಿದ್ದರೆ ಅದು ತಿಳಿದ ದಿನದಿಂದ ಆರು ವರ್ಷ ಎಣಿಸಬೇಕು ಎಂದಿತು. ಮೇಲೆ ಹೇಳಿದ ಮಿತಿ ಇಲ್ಲಿಯೂ ಇದೆ: ನಿಮ್ಮ ಸಾಲ 140ಎ ವ್ಯಾಪ್ತಿಯಲ್ಲಿದ್ದರೆ ಮಾತ್ರ. ಇಂಗ್ಲೆಂಡ್, ವೇಲ್ಸ್‌ನಲ್ಲಿ 10,000 ಪೌಂಡ್ ವರೆಗಿನ ಮೊತ್ತ ಸಾಮಾನ್ಯವಾಗಿ ಸಣ್ಣ ದಾವೆಗಳ ಪಟ್ಟಿಗೆ ಹೋಗುತ್ತದೆ. ಅಲ್ಲಿ ಸೋತರೂ ಎದುರಾಳಿಯ ವಕೀಲರ ಖರ್ಚು ಹೊರಬೇಕಾಗುವುದು ಅಪರೂಪ, ಆದರೆ ದಾವೆಯ ಶುಲ್ಕ, ವಿಚಾರಣೆಯ ಶುಲ್ಕ ನಿಮ್ಮ ಕೈಯಿಂದ ಹೋಗುತ್ತವೆ.

ಕಡತ ಹುಡುಕುವ ಬಗೆ

ಮೊದಲು ಪಾಲಿಸಿ ಇತ್ತೇ ಎಂಬುದನ್ನು ಖಚಿತ ಮಾಡಿಕೊಳ್ಳಿ. ಸಾಲ ಮಂಜೂರಾತಿ ಪತ್ರ, ವರ್ಷಕ್ಕೊಮ್ಮೆ ಬರುವ ಮಾರ್ಟ್‌ಗೇಜ್ ಲೆಕ್ಕಪತ್ರ, ಆ ಕಾಲದ ಬ್ಯಾಂಕ್ ಸ್ಟೇಟ್‌ಮೆಂಟು ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿ. ಕಂತಿನ ಜೊತೆಗೇ ಕಡಿತವಾಗಿರಬಹುದು, ಇಲ್ಲವೇ ವಿಮಾ ಕಂಪನಿಗೆ ಬೇರೆಯೇ ಡೈರೆಕ್ಟ್ ಡೆಬಿಟ್ ಹೋಗಿರಬಹುದು. ಹೆಸರಿನಲ್ಲಿ ಪಿಪಿಐ ಎಂದೇ ಇರಬೇಕಿಲ್ಲ. ಎಎಸ್‌ಯು, ಪೇಮೆಂಟ್ ಕವರ್, ಮಾರ್ಟ್‌ಗೇಜ್ ಕೇರ್ ಎಂಬಂಥ ಹೆಸರುಗಳೂ ಇರುತ್ತವೆ.

ಇಲ್ಲಿ ಗೊಂದಲವಾಗುವುದು ಸಹಜ. ಸಾಲ ಇಳಿದಂತೆ ಮೊತ್ತವೂ ಇಳಿಯುವ ಜೀವವಿಮೆ, ಕಟ್ಟಡದ ವಿಮೆ ಇವು ಪಿಪಿಐ ಅಲ್ಲ. ಮನೆ ಬೆಲೆಯ ದೊಡ್ಡ ಪಾಲನ್ನೇ ಸಾಲವಾಗಿ ಕೊಟ್ಟಾಗ ಬ್ಯಾಂಕು ತನ್ನ ರಕ್ಷಣೆಗೆಂದು ನಿಮ್ಮಿಂದ ವಸೂಲು ಮಾಡುತ್ತಿದ್ದ ಇಂಡೆಮ್ನಿಟಿ ಶುಲ್ಕವೂ ಅಲ್ಲ. ಈ ಶುಲ್ಕ ಹಳೆಯ ಲೆಕ್ಕಪತ್ರದಲ್ಲಿ ದೊಡ್ಡ ಮೊತ್ತವಾಗಿ ಕಾಣುವುದರಿಂದ ಅದನ್ನೇ ಪಿಪಿಐ ಎಂದುಕೊಂಡು ದೂರು ಬರೆದು ತಿಂಗಳುಗಟ್ಟಲೆ ಕಾಯುವವರಿದ್ದಾರೆ.

ಕಾಗದ ಇಲ್ಲದಿದ್ದರೆ ಬ್ಯಾಂಕಿಗೆ ದತ್ತಾಂಶ ಸಂರಕ್ಷಣಾ ಕಾಯಿದೆಯಡಿ "ನನ್ನ ಬಗ್ಗೆ ನಿಮ್ಮಲ್ಲಿರುವ ಎಲ್ಲ ದಾಖಲೆ ಕೊಡಿ" ಎಂದು ಬರೆಯಿರಿ. ಇದಕ್ಕೆ ಶುಲ್ಕವಿಲ್ಲ, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರ ಬರಬೇಕು. ಸಾಲದ ಖಾತೆ ಸಂಖ್ಯೆ, ಆಗಿನ ವಿಳಾಸ, ಆಗ ಬಳಸುತ್ತಿದ್ದ ಪೂರ್ಣ ಹೆಸರು ಬರೆಯುವುದನ್ನು ಮರೆಯಬೇಡಿ. ನಮ್ಮವರ ಹೆಸರುಗಳಲ್ಲಿ ಇನಿಷಿಯಲ್, ತಂದೆಯ ಹೆಸರು, ಕುಟುಂಬದ ಹೆಸರು ಒಂದೊಂದು ಕಡೆ ಒಂದೊಂದು ರೀತಿ ದಾಖಲಾಗಿರುತ್ತವೆ. "ದಾಖಲೆ ಸಿಗಲಿಲ್ಲ" ಎಂಬ ಉತ್ತರಕ್ಕೆ ಕೆಲವೊಮ್ಮೆ ಇಷ್ಟೇ ಕಾರಣವಿರುತ್ತದೆ. ಖಾತೆ ಮುಚ್ಚಿ ಆರು ವರ್ಷ ಕಳೆದಿದ್ದರೆ ಬ್ಯಾಂಕು ದಾಖಲೆಯನ್ನೇ ಅಳಿಸಿರುವ ಸಾಧ್ಯತೆಯೂ ಇದೆ.

ಯಾರು ಮಾರಿದರು ಎಂದು ನೋಡುವುದು ಇದರಷ್ಟೇ ಮುಖ್ಯ. ವಿಮೆಯ ಮಾರಾಟ ಎಫ್‌ಎಸ್‌ಎ ಹಿಡಿತಕ್ಕೆ ಬಂದದ್ದು 2005ರ ಜನವರಿ 14ರಂದು. ಅದಕ್ಕೂ ಮುನ್ನ ಸಣ್ಣ ಬ್ರೋಕರೊಬ್ಬರು ಮಾರಿದ್ದರೆ ಓಂಬಡ್ಸ್‌ಮನ್ ವ್ಯಾಪ್ತಿಗೆ ಬಾರದಿರುವ ಸಾಧ್ಯತೆ ಹೆಚ್ಚು.

ದೂರನ್ನು ಮಾರಿದ ಸಂಸ್ಥೆಗೇ ಮೊದಲು ಕೊಡಬೇಕು. ಮಾರಿದ ದಿನಾಂಕ, ಶಾಖೆಯಲ್ಲೋ ಫೋನಿನಲ್ಲೋ, ಆಗಿನ ನಿಮ್ಮ ಉದ್ಯೋಗದ ಬಗೆ, ಆರೋಗ್ಯ, ಯಾವ ಷರತ್ತನ್ನು ಹೇಳಲಿಲ್ಲ, ಹೇಳಿದ್ದರೆ ಏಕೆ ಕೊಳ್ಳುತ್ತಿರಲಿಲ್ಲ, ಇವಿಷ್ಟು ಒಂದು ಪುಟದಲ್ಲಿ ಬರಲಿ. ಕೊನೆಯದನ್ನು ಹೆಚ್ಚಿನವರು ಬರೆಯುವುದೇ ಇಲ್ಲ, ದೂರು ಸೋಲುವುದು ಅದರಿಂದಲೇ. ಸಂಸ್ಥೆಗೆ ಎಂಟು ವಾರ ಕಾಲಾವಕಾಶ. ಅಂತಿಮ ಉತ್ತರ ಒಪ್ಪಿಗೆಯಾಗದಿದ್ದರೆ ಅದು ಬಂದ ಆರು ತಿಂಗಳೊಳಗೆ ಓಂಬಡ್ಸ್‌ಮನ್ ಬಳಿಗೆ ಹೋಗಬಹುದು, ಖರ್ಚಿಲ್ಲ. ಇಷ್ಟನ್ನೇ ಮಾಡಿಕೊಡುವ ಮಧ್ಯವರ್ತಿ ಕಂಪನಿಗಳು ಪಿಪಿಐ ದೂರಿಗೆ ಬಂದ ಹಣದ ಶೇ 20 ಮತ್ತು ವ್ಯಾಟ್‌ಗಿಂತ ಹೆಚ್ಚು ಕೇಳುವಂತಿಲ್ಲ ಎಂದು 2018ರಲ್ಲಿ ಕಾನೂನು ಬಂದಿದೆ. ಮುಂಗಡ ಕೇಳಿದರೆ ಫೋನ್ ಇಡಿ.

ಎಷ್ಟು ಬರುತ್ತದೆ?

ಬ್ಯಾಂಕುಗಳು ಪಿಪಿಐ ದೂರುಗಳಿಗೆ ಹಣ ಕೊಟ್ಟದ್ದು ಹೀಗೆ: ಕಟ್ಟಿದ ಪ್ರೀಮಿಯಂ ಪೂರ್ತಿ, ಪ್ರತಿ ಪ್ರೀಮಿಯಂ ಮೇಲೆ ಅದನ್ನು ಕಟ್ಟಿದ ದಿನದಿಂದ ವರ್ಷಕ್ಕೆ ಶೇ 8ರ ಸರಳ ಬಡ್ಡಿ, ಅದರಲ್ಲಿ ನೀವು ಕ್ಲೇಮಿನಿಂದ ಪಡೆದಿದ್ದ ಹಣ ಕಳೆದು ಉಳಿದದ್ದು. 2003ರಿಂದ 2012ರವರೆಗೆ ತಿಂಗಳಿಗೆ 44 ಪೌಂಡ್ ಕಟ್ಟಿದವರ ಪ್ರೀಮಿಯಂ 5,280 ಪೌಂಡ್. 2018ರ ಕೊನೆಗೆ ಇತ್ಯರ್ಥವಾಗಿದ್ದರೆ ಬಡ್ಡಿ ಸುಮಾರು 4,600 ಪೌಂಡ್. ಈಗ ಗೆಲ್ಲುವ ದೂರಿಗೆ ಅದೇ ಬಡ್ಡಿ ದರ ಸಿಗುತ್ತದೆ ಎಂದು ಎಣಿಸಬೇಡಿ. ಅದೇ ಸಾಲದಲ್ಲಿ ಕಂತು ಬಾಕಿ ಇದ್ದರೆ ಬ್ಯಾಂಕು ಪರಿಹಾರವನ್ನು ಮೊದಲು ಆ ಬಾಕಿಗೆ ಜಮಾ ಮಾಡಿಕೊಳ್ಳಬಹುದು.

ಬಡ್ಡಿಯ ಭಾಗದ ಮೇಲೆ ಮಾತ್ರ ತೆರಿಗೆ. ಬ್ಯಾಂಕು ಸಾಮಾನ್ಯವಾಗಿ ಶೇ 20 ಹಿಡಿದುಕೊಂಡೇ ಕೊಡುತ್ತದೆ. 2016ರ ಏಪ್ರಿಲ್‌ನಿಂದ ಮೂಲ ದರದ ತೆರಿಗೆದಾರರಿಗೆ 1,000 ಪೌಂಡ್, ಮೇಲಿನ ದರದವರಿಗೆ 500 ಪೌಂಡ್ ಬಡ್ಡಿ ತೆರಿಗೆರಹಿತ. ಹಾಗಾಗಿ ಹಿಡಿದ ತೆರಿಗೆಯಲ್ಲಿ ಒಂದಿಷ್ಟನ್ನು ತೆರಿಗೆ ಇಲಾಖೆಯ ಆರ್40 ಅರ್ಜಿಯಲ್ಲಿ ವಾಪಸ್ ಕೇಳಬಹುದು. ಹಣ ಬಂದ ತೆರಿಗೆ ವರ್ಷ ಮುಗಿದ ನಾಲ್ಕು ವರ್ಷದೊಳಗೆ ಕೇಳಬೇಕು, ಆದ್ದರಿಂದ 2019ರ ಆಸುಪಾಸಿನಲ್ಲಿ ಪರಿಹಾರ ಪಡೆದವರಿಗೆ ಆ ಅವಕಾಶ ಮುಗಿದಿದೆ.

ಬ್ರಿಟನ್ನಿನಲ್ಲಿದ್ದುಕೊಂಡು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಗೃಹಸಾಲ ಮಾಡಿ, ಅದರ ಜೊತೆ ವಿಮೆ ಸೇರಿಸಿಕೊಂಡವರಿಗೆ ಈ ಮೇಲಿನ ಯಾವ ನಿಯಮವೂ ಅನ್ವಯಿಸುವುದಿಲ್ಲ. ಇಲ್ಲಿ ಪಾಲಿಸಿ ಕೈಸೇರಿದ 30 ದಿನದೊಳಗೆ ಅದನ್ನು ಹಿಂದಿರುಗಿಸುವ ಹಕ್ಕಿದೆ. ಅದು ದಾಟಿದ್ದರೆ ಮೊದಲು ವಿಮಾ ಕಂಪನಿಗೆ ಲಿಖಿತ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ತಿರಸ್ಕರಿಸಿದರೆ, ಒಂದು ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಓಂಬಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, 50 ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ತೆಗೆದುಕೊಳ್ಳುತ್ತಾರೆ.

ಬ್ರಿಟನ್ನಿನ ಪಾಲಿಸಿಗೆ ಈಗಲೂ ಪ್ರೀಮಿಯಂ ಕಟ್ಟುತ್ತಿರುವವರು, ದೂರಿನ ಮಾತಿಗಿಂತ ಮೊದಲು ವಯಸ್ಸಿನ ಮಿತಿಯನ್ನೂ ಉದ್ಯೋಗದ ಷರತ್ತನ್ನೂ ತೆಗೆದು ಓದಬೇಕು. ಅನೇಕ ಪಾಲಿಸಿಗಳು 65ಕ್ಕೆ ಅಥವಾ ನಿವೃತ್ತಿಗೆ ನಿಲ್ಲುತ್ತವೆ. ಡೈರೆಕ್ಟ್ ಡೆಬಿಟ್ ತಾನಾಗಿ ನಿಂತಿದೆಯೇ ಎಂದು ಮಾತ್ರ ನೀವೇ ನೋಡಬೇಕು. ಇನ್ನೂ ಅರ್ಹರಾಗಿದ್ದು, ಈ ನಡುವೆ ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಬಂದಿದ್ದರೆ ಅವಸರದಲ್ಲಿ ರದ್ದು ಮಾಡಬೇಡಿ. ಹೊಸ ಪಾಲಿಸಿಯಲ್ಲಿ ಅದು ಮೊದಲೇ ಇದ್ದ ಕಾಯಿಲೆಯಾಗುತ್ತದೆ, ಹಳೆಯದರಲ್ಲಿ ಆಗುವುದಿಲ್ಲ.